ಕಾಳು ಕಚ್ಚಿ ನೋಡುತ್ತಿದ್ದವರು

ಅವರ ಮುಂದಿನ ಎರಡು ಹಲ್ಲುಗಳ ತುದಿ ಸವೆದು ಓರೆಯಾಗಿತ್ತು. ಹುಡುಗಿಯಾಗಿದ್ದಾಗಿನಿಂದ ಬತ್ತದ ಕಾಳು ಕಚ್ಚಿ ನೋಡಿದ್ದರ ಗುರುತು ಅದು. ಮಿರ್ಲೆ ಸುತ್ತಮುತ್ತ ಕುಯ್ಲಿಗೆ ಹೆಣ್ಣಾಳುಗಳನ್ನು ಕಟ್ಟಿಕೊಂಡು ಹೋಗುತ್ತಿದ್ದವರು ಅವರೇ. ಊರಿಗೆಲ್ಲ ಕುಯ್ಲಿನವ್ವ.

ನಾನು ಕೃಷಿ ಇಲಾಖೆಗೆ ಸೇರಿದ ಹೊಸತು. ಬೆಳೆ ಹೇಗಿದೆ, ಎಷ್ಟು ಇಳುವರಿ ಬಂದೀತು ಎಂದು ವಾರವಾರ ಬರೆದು ಕಳಿಸುವುದು ನನ್ನ ಕೆಲಸ. ಅಕ್ಕಿ ಹೊರದೇಶಕ್ಕೆ ಹೋಗದಂತೆ ಸರ್ಕಾರ ತಡೆದಿದ್ದ ವರ್ಷ ಅದು. ಎಲ್ಲೆಲ್ಲೋ ಅಕ್ಕಿಯ ಬೆಲೆ ಏರಿತ್ತು. ಮೇಲಿನವರಿಗೆ ನಮ್ಮ ಅಂಕಿ ಬೇಗ ಬೇಕಿತ್ತು. ಸ್ಕೂಟರ್ ನಿಲ್ಲಿಸಿ ರಸ್ತೆಯಿಂದಲೇ ನೋಡಿದೆ. ಬಯಲೆಲ್ಲ ಹಸಿರಾಗಿ ತೆನೆ ಒಡೆದಿತ್ತು. 'ಉತ್ತಮ' ಎಂದು ಫೋನಿನಲ್ಲಿ ಬರೆದು ಅಲ್ಲಿಂದಲೇ ಕಳಿಸಿದೆ.

ಬದುವಿನ ಮೇಲೆ ಹುಲ್ಲು ಕುಯ್ಯುತ್ತಿದ್ದ ಅವರು ಕರೆದರು. "ಮೇಡಮ್ಮೋರೆ, ರಸ್ತೇಲಿ ನಿಂತ್ಕಂಡ್ರೆ ಹಸ್ರೇ ಕಾಣೋದು. ಕೆಳಿಕ್ಕಿಳೀರಿ."

ಒಂದು ತೆನೆ ಕಿತ್ತು, ಕಾಳನ್ನು ಹಲ್ಲಿನಲ್ಲಿ ಒತ್ತಿ, ನನ್ನ ಅಂಗೈಗೆ ಹಾಕಿದರು. ಒಳಗೆ ಏನೂ ಇರಲಿಲ್ಲ. ಕಾಲುವೆಯಲ್ಲಿ ನೀರು ಬರುವುದು ನಿಂತುಹೋಗಿದ್ದರಿಂದ ಕಾಳಿಗೆ ಹಾಲೇ ತುಂಬಿರಲಿಲ್ಲ.

"ಆಗ್ಲೇ ಕಳಿಸ್ಬಿಟ್ಟೆನಲ್ಲವ್ವ. ಅದನ್ನ ಯಾರು ಓದ್ತಾರೆ ಬಿಡಿ," ಅಂದೆ.

"ಅಕ್ಕಿ ಇಲ್ದಿರೋ ಊರೋರು ಓದ್ತಾರೆ ಕಣವ್ವ. ಅಕ್ಕಿ ಬರ್ತದೆ ಅಂತ ನಂಬ್ಕಂಡು ಕೂತ್ಕತಾರೆ."

ಅವರ ಚಿಕ್ಕಂದಿನಲ್ಲಿ ಒಮ್ಮೆ, ಮುಂದಿನ ವಾರ ಸೊಸೈಟಿಗೆ ಜೋಳ ಬರುತ್ತದೆ ಎಂದು ಯಾರೋ ಹೇಳಿದ್ದರಂತೆ. ತಾಯಿ ಅದನ್ನು ನಂಬಿ, ಮನೆಯಲ್ಲಿದ್ದ ಕೊನೆಯ ರಾಗಿಹಿಟ್ಟನ್ನು ಪಕ್ಕದ ಮನೆಯ ಬಾಣಂತಿಗೆ ಕೊಟ್ಟಿದ್ದರು. ಜೋಳ ಬಂದದ್ದು ತಿಂಗಳಾದ ಮೇಲೆ. ಅಷ್ಟರಲ್ಲಿ ಇವರ ತಂಗಿ ಉಳಿದಿರಲಿಲ್ಲ.

"ಯೋಳ್ದೋನ್ಗೇನು, ಬಾಯ್ಗ್ ಬಂದದ್ದು ಯೋಳ್ದ," ಎಂದಷ್ಟೇ ಅಂದರು.

ಮರುದಿನ ವರದಿ ತಿದ್ದಿ ಕಳಿಸಿ ಮೇಲಿನವರಿಂದ ಬೈಸಿಕೊಂಡೆ. ಕುಯ್ಲಿನ ಹೊತ್ತಿಗೆ ಇಳುವರಿ ಲೆಕ್ಕ ಹಾಕಲು ಗದ್ದೆಯಲ್ಲಿ ಅಳತೆಯ ಚೌಕ ಗುರುತು ಮಾಡಿದಾಗ, ಅದರೊಳಗಿನ ಪೈರನ್ನು ಅವರೇ ಕುಯ್ದು, ಬಡಿದು, ತೂರಿದರು. ಜೊಳ್ಳೆಲ್ಲ ಹಾರಿಹೋಗಿ ಒಂದು ಮೊರದಷ್ಟೂ ಕಾಳು ಉಳಿಯಲಿಲ್ಲ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ನಾನ್ಯೋಳಿದ್ದು ಸುಳ್ಳಾಗ್ಲಿ ಅಂತ ಬೇಡ್ಕಂಡಿದ್ದೆ ಕಣ್ ಮಗ."

ಅಂದಿನಿಂದ ನಾನು ಮೇಡಮ್ಮೋರಲ್ಲ, ಮಗ. ಅವರ ಹಿಂದೆ ಕೆಸರಿಗಿಳಿದು, ಯಾವ ತರಬೇತಿಯಲ್ಲೂ ಹೇಳಿಕೊಡದ್ದನ್ನು ಕಲಿತೆ.

ಹೋದ ವರ್ಷ ಅವರ ಗಂಟಲಿನಲ್ಲಿ ಗಡ್ಡೆ ಕಂಡಿತು. ಕೆ.ಆರ್. ನಗರದ ಆಸ್ಪತ್ರೆಯಲ್ಲಿ ಗಂಜಿಯೂ ಇಳಿಯದೆ ಮಲಗಿದ್ದರು. ನಾನು ಹೋದಾಗ ಪಿಸುದನಿಯಲ್ಲಿ ಕೇಳಿದರು, "ಈ ಸತಿ ಎಂಗದೆ ಬೆಳೆ?"

"ಚೆನ್ನಾಗಿದೆ ಅವ್ವ."

ನನ್ನನ್ನೇ ನೋಡುತ್ತ ಮಲಗಿದ್ದರು. "ಅಂಗೇ ಬರ್ದ್ಯಾ?"

ನನಗೆ ಅಳು ತಡೆಯಲಾಗಲಿಲ್ಲ. "ಇಲ್ಲ ಅವ್ವ. ಪೈರಿಗೆ ಬೆಂಕಿರೋಗ ಬಿದ್ದಿದೆ, ಅರ್ಧವೂ ಬರಲ್ಲ ಅಂತ ಬರೆದೆ."

"ಸದ್ಯ," ಅಂದು ಕಣ್ಣು ಮುಚ್ಚಿಕೊಂಡರು.

ಮೂರನೆಯ ದಿನ ತೀರಿಕೊಂಡರು. ಆ ವಾರ ನನ್ನ ವರದಿ ತಡವಾಯಿತು. ಕಚೇರಿಯಿಂದ ಫೋನ್ ಬಂದಾಗ ನಾನು ಮಿರ್ಲೆಯಲ್ಲಿ, ಅವರನ್ನು ಮಣ್ಣು ಮಾಡುತ್ತಿದ್ದ ಕಡೆ ನಿಂತಿದ್ದೆ. ಇನ್ನೊಂದು ಗದ್ದೆ ಇಳಿದು ನೋಡೋದಿದೆ ಸಾರ್, ಆಮೇಲೆ ಕಳಿಸ್ತೀನಿ ಅಂದೆ.