ಮೂರು ಸಲ ಹಂಗಾಮಿ

ಬೂದಿಗೆರೆ ಹತ್ತಿರದ ಒಂದು ಫುಟ್‌ಬಾಲ್ ಕ್ಲಬ್ಬಿನಲ್ಲಿ ನಾನು ಐದು ವರ್ಷ ಸಹಾಯಕ ಕೋಚ್ ಆಗಿದ್ದೆ. ಗಂಡಸರ ತಂಡ. ಆ ಐದು ವರ್ಷದಲ್ಲಿ ಮೂವರು ಮುಖ್ಯ ಕೋಚ್‌ಗಳು ಬಂದರು, ಮೂವರನ್ನೂ ತೆಗೆದರು. ಒಬ್ಬರನ್ನು ಕಳಿಸಿ ಇನ್ನೊಬ್ಬರು ಸಿಗುವ ತನಕ ತಂಡ ನೋಡಿಕೊಳ್ಳೋಕೆ ಯಾರಾದರೂ ಬೇಕಲ್ಲ, ಆಗೆಲ್ಲ ಕ್ಲಬ್ಬಿನ ಕಾರ್ಯದರ್ಶಿ ನನಗೆ ಫೋನ್ ಮಾಡುತ್ತಿದ್ದರು. "ಮೇಡಂ, ಹೊಸಬ್ರು ಬರೋವರ್ಗೂ ನೀವೇ ನೋಡ್ಕೊಂಬಿಡಿ." ಪತ್ರದಲ್ಲಿ ಅದಕ್ಕೆ 'ಹಂಗಾಮಿ ಕೋಚ್' ಅಂತ ಬರೆಯುತ್ತಿದ್ದರು. ಮೊದಲನೇ ಸಲ ಮೂರು ಮ್ಯಾಚ್, ಎರಡನೇ ಸಲ ಐದು. ಹೊಸಬರು ಬಂದ ದಿನ ನಾನು ಮತ್ತೆ ಬೆಂಚಿನ ತುದಿಗೆ ಸರಿದು ಕೂರುತ್ತಿದ್ದೆ.

ನಾನು ದೊಡ್ಡಬೆಳವಂಗಲದವಳು. ಅಲ್ಲಿನ ಹೈಸ್ಕೂಲು ಮೈದಾನದಲ್ಲಿ ಹುಡುಗರ ಜೊತೆ ಆಡಿ ಆಟ ಕಲಿತೆ, ರಾಜ್ಯದ ಹೆಂಗಸರ ತಂಡಕ್ಕೆ ಎರಡು ವರ್ಷ ಆಡಿದೆ. ಮೊಣಕಾಲು ಹೋದ ಮೇಲೆ ಕೋಚಿಂಗ್ ಪರೀಕ್ಷೆಗಳನ್ನು ಒಂದೊಂದಾಗಿ ಕಟ್ಟಿ ಪಾಸು ಮಾಡಿದೆ. ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದೆ. ನಮ್ಮ ಯಜಮಾನರಿಗೆ ನಾಲ್ಕು ಪವರ್‌ಲೂಮ್ ಮಗ್ಗಗಳಿವೆ, ಸೀರೆ ನೇಯಿಸುತ್ತಾರೆ. ಬೆಳಿಗ್ಗೆ ಸ್ಕೂಟರ್ ಹತ್ತಿ ದೇವನಹಳ್ಳಿ ದಾಟಿ ಬೂದಿಗೆರೆ ಮೈದಾನ ಸೇರುವಷ್ಟರಲ್ಲಿ ತಲೆ ಮೇಲೆ ನಾಲ್ಕೈದು ವಿಮಾನ ಇಳಿದಿರುತ್ತಿದ್ದವು.

ಮೂರನೇ ಸಲ ಕರೆ ಬಂದಾಗ ತಂಡ ಲೀಗಿನಲ್ಲಿ ಕಟ್ಟಕಡೆಯ ಸ್ಥಾನದಲ್ಲಿತ್ತು. ಉಳಿದಿದ್ದು ಏಳು ಮ್ಯಾಚ್. ಕೊನೇ ಎರಡು ಸ್ಥಾನದಲ್ಲಿ ನಿಂತರೆ ಕೆಳಗಿನ ಡಿವಿಷನ್ನಿಗೆ ಇಳಿಯಬೇಕು. ನಾನು ಹುಡುಗರನ್ನು ಕೂರಿಸಿಕೊಂಡು ಹೇಳಿದೆ, "ಚೆಂದ ಆಡೋದು ಆಮೇಲೆ. ಮೊದ್ಲು ಗೋಲ್ ಬಿಟ್ಕೊಡೋದು ನಿಲ್ಸಿ." ನಾಲ್ಕು ಗೆದ್ದೆವು, ಎರಡು ಸಮ, ಒಂದು ಸೋತೆವು. ಇಳಿಯುವುದು ತಪ್ಪಿತು. ಕೊನೇ ಮ್ಯಾಚ್ ಮುಗಿದ ಮೇಲೆ ಹುಡುಗರು ನನ್ನ ತಲೆ ಮೇಲೆ ಎರಡು ಬಾಟಲಿ ನೀರು ಸುರಿದರು. ಕಾರ್ಯದರ್ಶಿ ಕೈ ಕುಲುಕಿ, "ಈ ಸಲ ನಿಮ್ಮನ್ನ ಬಿಡಲ್ಲ ಮೇಡಂ" ಅಂದರು. ನಾನು ನಂಬಿದೆ.

ಅದಾಗಿ ಎರಡು ವಾರಕ್ಕೆ ಮುಖ್ಯ ಕೋಚ್ ಕೆಲಸಕ್ಕೆ ಅರ್ಜಿ ಕರೆದರು. ನಾನೂ ಹಾಕಿದೆ. ಮೈದಾನದ ಪಕ್ಕ ಲೇಔಟ್ ಮಾಡಿ ಸೈಟು ಮಾರಿದವರೇ ಆ ಕ್ಲಬ್ಬನ್ನೂ ಕಟ್ಟಿದ್ದು, ಹಾಗಾಗಿ ಸಂದರ್ಶನ ಲೇಔಟಿನ ಆಫೀಸಿನಲ್ಲೇ. ಮೇಜಿನ ಆ ಕಡೆ ನಾಲ್ಕು ಜನ ಗಂಡಸರು. ಆಟದ ಬಗ್ಗೆ ಒಂದೇ ಪ್ರಶ್ನೆ ಬಂತು. ಆಮೇಲೆ ಒಬ್ಬರು ಗಂಟಲು ಸರಿಮಾಡಿಕೊಂಡು, "ಗಂಡ್‌ಹುಡುಗ್ರು ಬಟ್ಟೆ ಬದ್ಲಾಯಿಸೋ ರೂಮಲ್ಲಿ ನೀವು ಹೆಂಗೆ ಮಾತಾಡ್ತೀರಿ?" ಅಂದರು.

"ಐದು ವರ್ಷದಿಂದ ಬಾಗ್ಲು ತಟ್ಟಿ ಹೋಗಿ ಮಾತಾಡ್ತಿದ್ದೀನಿ ಸಾರ್. ಆ ಏಳು ಮ್ಯಾಚಲ್ಲೂ ಹಂಗೇ ಹೋಗಿದ್ದೆ. ಆಗ ಯಾರಿಗೂ ಈ ಪ್ರಶ್ನೆ ಬರ್ಲಿಲ್ವಲ್ಲ?"

ಇನ್ನೊಬ್ಬರು, "ಹಂಗಲ್ಲಮ್ಮ, ಮನೇಲಿ ಒಪ್ತಾರಾ? ಜವಾಬ್ದಾರಿ ಜಾಸ್ತಿ ಆಗುತ್ತೆ" ಅಂದರು.

"ನಿಮ್ಮನೇಲಿ ಒಪ್ತಾರಾ ಸಾರ್, ಭಾನುವಾರ ಬಂದು ಇಲ್ಲಿ ಕೂರೋಕೆ?" ಅಂದೆ. ಒಬ್ಬರು ನಕ್ಕರು. ಉಳಿದ ಮೂವರು ನಗಲಿಲ್ಲ. ಕೆಲಸ ಅಲ್ಲೇ ಹೋಯಿತೇನೋ. ಹೋದರೆ ಹೋಗಲಿ, ಆ ಮಾತನ್ನು ನಾನು ಇವತ್ತಿಗೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಕೆಲಸ ಕೋಲಾರದ ಚಿನ್ನದ ಗಣಿ ಕಡೆಯ ಒಬ್ಬರಿಗೆ ಸಿಕ್ಕಿತು. ನನಗಿಂತ ಏಳೆಂಟು ವರ್ಷ ಚಿಕ್ಕವರು. ವಿದೇಶದ ಯಾವುದೋ ತರಬೇತಿ ಕೇಂದ್ರದಲ್ಲಿ ಆರು ತಿಂಗಳು ಇದ್ದು ಬಂದಿದ್ದರು, ಅದರ ವಿಡಿಯೋ ಚೆನ್ನಾಗಿತ್ತಂತೆ. ಕಾರ್ಯದರ್ಶಿ ಫೋನ್ ಮಾಡಿ, "ನೀವು ಎಂದಿನಂತೆ ಸಹಾಯಕಿ ಆಗಿ ಮುಂದುವರೀರಿ, ಅವ್ರಿಗೂ ನಿಮ್ಮಂಥೋರು ಬೇಕು" ಅಂದರು.

"ಆಗಲ್ಲ ಸಾರ್."

"ಯಾಕಮ್ಮ?"

"ಕೆಲ್ಸ ಗೊತ್ತಿಲ್ದಿದ್ರೆ ಐದು ವರ್ಷ ಯಾಕಿಟ್ಕೊಂಡ್ರಿ? ಗೊತ್ತಿದ್ರೆ ಈಗ ಯಾಕೆ ಕೊಡ್ಲಿಲ್ಲ? ಎರಡ್ರಲ್ಲಿ ಒಂದಕ್ಕೆ ಉತ್ತರ ಹೇಳಿ, ಬರ್ತೀನಿ."

ಅವರು ಫೋನ್ ಇಟ್ಟರು. ಸಂಜೆ ಕ್ಲಬ್ಬಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಬಂತು. ನಮ್ಮ ಪ್ರೀತಿಯ ಸಹಾಯಕ ಕೋಚ್ ವೈಯಕ್ತಿಕ ಕಾರಣಗಳಿಂದ ಕ್ಲಬ್ ಬಿಡುತ್ತಿದ್ದಾರೆ, ಅವರಿಗೆ ಶುಭವಾಗಲಿ. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಒಬ್ಬ ಆಟಗಾರ ನನಗೆ ಬೇರೆಯಾಗಿ, "ಮೇಡಂ, ಹುಷಾರಾಗಿದ್ದೀರಾ?" ಅಂತ ಕಳಿಸಿದ. ನನಗೆ ಏನೋ ಕಾಯಿಲೆ ಅಂದುಕೊಂಡಿದ್ದ!

ಮಗ್ಗದ ಶೆಡ್ಡಿನಲ್ಲಿ ನಿಂತುಕೊಂಡೇ ನಾನು ಅದೇ ಗುಂಪಿನಲ್ಲಿ ಬರೆದೆ. 'ನನಗೆ ಯಾವ ವೈಯಕ್ತಿಕ ಕಾರಣವೂ ಇಲ್ಲ. ಆರೋಗ್ಯವಾಗಿದ್ದೇನೆ. ಮುಖ್ಯ ಕೋಚ್ ಕೆಲಸ ಕೇಳಿದೆ, ಕೊಡಲಿಲ್ಲ. ಮತ್ತೆ ಸಹಾಯಕಿಯಾಗಿರಲು ನಾನು ಒಪ್ಪಲಿಲ್ಲ. ಹೊಸಬರ ಮೇಲೆ ನನಗೆ ಸಿಟ್ಟಿಲ್ಲ. ಹುಡುಗರೇ, ಅವರ ಮಾತು ಕೇಳಿ ಆಡಿ.' ಕಳಿಸಿ ಯಜಮಾನರಿಗೆ ತೋರಿಸಿದೆ. ಅವರು ಮಗ್ಗ ನಿಲ್ಲಿಸಿ ಎರಡು ಸಲ ಓದಿದರು.

"ಇನ್ನು ಈ ಕಡೆ ಯಾರೂ ನಿಂಗೆ ಕೆಲ್ಸ ಕೊಡಲ್ಲ ಕಣೇ."

"ಕೊಡ್ದಿದ್ರೆ ಬೇಡ ಬಿಡಿ."

"ಸರಿ ಹಂಗಾದ್ರೆ," ಅಂದು ಮಗ್ಗ ಓಡಿಸಿದರು.

ಅವರು ಹೇಳಿದ್ದು ಹೆಚ್ಚುಕಡಿಮೆ ನಿಜವಾಯಿತು. ಒಂಬತ್ತು ಕ್ಲಬ್ಬಿಗೆ ಬರೆದೆ. ಏಳು ಕಡೆಯಿಂದ ಉತ್ತರವೇ ಇಲ್ಲ. ಒಬ್ಬರು ಹನ್ನೆರಡು ವರ್ಷದೊಳಗಿನ ಹೆಣ್ಣುಮಕ್ಕಳ ತಂಡ ನೋಡಿಕೊಳ್ಳಿ ಅಂದರು. ಆ ಮಕ್ಕಳಿಗೆ ಕಲಿಸುವುದು ನನಗೆ ಕಮ್ಮಿ ಕೆಲಸವಲ್ಲ, ಹಿಂದೆ ಸಂತೋಷವಾಗಿ ಮಾಡಿದ್ದೇನೆ. ಆದರೆ ನಾನು ಕೇಳಿದ್ದು ಅದನ್ನಲ್ಲ. ಇನ್ನೊಬ್ಬರು ನೇರವಾಗಿ, "ಕ್ಲಬ್ಬಿನ ವಿಷ್ಯ ಗುಂಪಲ್ಲಿ ಹಾಕೋರನ್ನ ಹೆಂಗೆ ಸೇರಿಸ್ಕೊಳ್ಳೋದು ಮೇಡಂ?" ಅಂದರು. ನನ್ನ ಬದಲು ಯಾರಾದರೂ ಗಂಡಸು ಹಾಗೆ ಬರೆದಿದ್ದರೆ 'ಖಡಕ್ ಮನುಷ್ಯ' ಅನ್ನುತ್ತಿದ್ದರು ಅಂತ ನಾನು ಈಗಲೂ ಹೇಳುತ್ತೇನೆ.

ಮುಂದಿನ ನಾಲ್ಕು ತಿಂಗಳು ಮಗ್ಗದ ಕೆಲಸಕ್ಕೆ ಕೈ ಹಾಕಿದೆ. ಒಳ್ಳೆ ಗಾಂಭೀರ್ಯದಿಂದ ಕಾಲ ಕಳೆದೆ ಅಂತ ಬರೆಯಬಹುದು, ಸುಳ್ಳಾಗುತ್ತದೆ. ಸಿಡುಕುತ್ತಿದ್ದೆ. ಎಳೆ ಕಿತ್ತುಹೋದರೆ ಮಗ್ಗಕ್ಕೇ ಬೈಯುತ್ತಿದ್ದೆ. ಭಾನುವಾರ ಎಲ್ಲಿ ಮ್ಯಾಚ್ ಇದ್ದರೂ ಹೋಗಿ ಬೇಲಿ ಪಕ್ಕ ನಿಂತು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಯಾವ ತಂಡ ಎಡಗಡೆಯಿಂದ ಸೋರುತ್ತದೆ, ಯಾವ ಗೋಲ್‌ಕೀಪರ್ ಎತ್ತರದ ಚೆಂಡಿಗೆ ಹೆದರುತ್ತಾನೆ. ಯಾರೂ ಕೇಳಿರಲಿಲ್ಲ. ಬರೆಯದಿದ್ದರೆ ನಾನು ಕೋಚ್ ಅನ್ನುವುದು ನನಗೇ ಮರೆತುಹೋಗುತ್ತಿತ್ತು.

ಆಗ ಹೊಸಕೋಟೆ ಹತ್ತಿರದ ಪಿಲ್ಲಗುಂಪೆಯಿಂದ ಒಂದು ಫೋನ್ ಬಂತು. ಅಲ್ಲಿನ ಒಂದು ಫ್ಯಾಕ್ಟರಿಯ ಸಿಬ್ಬಂದಿ ಅಧಿಕಾರಿ, ವಯಸ್ಸಾದವರು. ಅವರದ್ದೂ ನಮ್ಮ ಡಿವಿಷನ್ನಿನಲ್ಲೇ ಆಡುವ ಕಾರ್ಮಿಕರ ತಂಡ.

"ನೋಡಮ್ಮ, ಇದ್ದದ್ದು ಇದ್ದಂಗೆ ಹೇಳ್ತೀನಿ. ಮೂರು ಜನ ಕೋಚ್‌ಗಳನ್ನ ಕೇಳ್ದೆ, ಯಾರೂ ಬರಲ್ಲ ಅಂದ್ರು. ನೀವು ಗುಂಪಲ್ಲಿ ಬರೆದಿದ್ದನ್ನ ಯಾರೋ ನಂಗೆ ಕಳ್ಸಿದ್ರು. ಬರ್ತೀರಾ?"

"ಮುಖ್ಯ ಕೋಚ್ ಆಗಾ?"

"ಇರೋದೇ ಒಂದು ಕೋಚ್ ಕೆಲ್ಸ ಕಣಮ್ಮ."

"ಬರ್ತೀನಿ ಸಾರ್. ಆದ್ರೆ ಸೀಸನ್ ಮುಗಿಯೋವರ್ಗೂ ನನ್ನನ್ನ ತೆಗೀಬಾರ್ದು. ಅದನ್ನ ಬರೆದು ಕೊಡಿ."

"ಹಂಗೆಲ್ಲ ಬರೆದು ಕೊಡೋ ಪದ್ಧತಿ ಇಲ್ವಲ್ಲ."

"ಹಂಗಾದ್ರೆ ಬರೋ ಪದ್ಧತಿ ನಂಗೂ ಇಲ್ಲ."

ಆ ಕಡೆ ನಗು. ಮೂರನೇ ದಿನ ಕಂಪನಿ ಕಾಗದದಲ್ಲಿ, ಸೀಲು ಹಾಕಿ, ಬರೆದು ಕೊಟ್ಟರು.

ತಂಡದಲ್ಲಿದ್ದವರಲ್ಲಿ ಹೆಚ್ಚಿನವರು ಅಸ್ಸಾಂ, ಒಡಿಶಾ ಕಡೆಯಿಂದ ಕೆಲಸಕ್ಕೆ ಬಂದವರು. ಶಿಫ್ಟ್ ಮುಗಿಸಿ ಮೂರೂವರೆಗೆ ಮೈದಾನಕ್ಕೆ ಬಂದರೆ ಕಾಲು ಎತ್ತಲಾಗದಷ್ಟು ಸುಸ್ತು. ನನ್ನ ಹಿಂದಿ ಕೇಳಿ ಮೊದಲ ವಾರ ನಗುತ್ತಿದ್ದರು. ನಗಲಿ ಅಂತ ಬಿಟ್ಟೆ. ತಂಡದ ನಾಯಕ ಒಬ್ಬ ಗಟ್ಟಿ ಡಿಫೆಂಡರ್. ಮೊದಲ ದಿನವೇ ಬೇಕೆಂದೇ ಚೆಂಡನ್ನು ನನ್ನ ಕಡೆ ಜೋರಾಗಿ ಒದ್ದ. ಎದೆಯಲ್ಲಿ ತಡೆದು, ಕೆಳಗಿಳಿಸಿ, ಅವನ ಕಾಲಿಗೇ ವಾಪಸ್ ಕೊಟ್ಟೆ. ಮೊಣಕಾಲು ಚುಳ್ಳೆಂದಿತು, ಮುಖದಲ್ಲಿ ತೋರಿಸಿಕೊಳ್ಳಲಿಲ್ಲ. ಅಲ್ಲಿಂದ ಅವನು ನನ್ನನ್ನು 'ದೀದಿ' ಅಂದ, ಉಳಿದವರೂ ಅಂದರು.

ಮೊದಲ ನಾಲ್ಕು ಮ್ಯಾಚ್ ಸತತವಾಗಿ ಸೋತೆವು. ನಾಲ್ಕನೇ ಸೋಲಿನ ಮಾರನೇ ದಿನ ಫ್ಯಾಕ್ಟರಿಯ ಒಬ್ಬ ಮ್ಯಾನೇಜರ್, ನಾನು ಎದುರಿಗೇ ಕೂತಿರುವಾಗ, ಅಧಿಕಾರಿಗೆ, "ಬೇರೆ ಯಾರನ್ನಾದ್ರೂ ನೋಡಿ ಸಾರ್" ಅಂದರು. ಅಧಿಕಾರಿ ಫೈಲಿನಿಂದ ಆ ಪತ್ರ ತೆಗೆದು ಮೇಜಿನ ಮೇಲಿಟ್ಟರು. "ಬರೆದು ಕೊಟ್ಬಿಟ್ಟಿದ್ದೀನಿ. ಮುಗಿಯೋವರ್ಗೂ ಇವ್ರೇ." ಆ ಒಂದು ಕಾಗದ ಇಲ್ಲದಿದ್ದರೆ ನನ್ನ ಕಥೆ ಐದನೇ ಮ್ಯಾಚಿಗೆ ಮುಗಿಯುತ್ತಿತ್ತು. ಎಷ್ಟೋ ಜನ ಕೋಚ್‌ಗಳ ಕಥೆ ಹಾಗೇ ಮುಗಿದಿದೆ.

ಐದನೆಯದು ಸಮ. ಆರು, ಏಳು ಗೆದ್ದೆವು. ನನ್ನ ಹಳೇ ಕ್ಲಬ್ಬಿನ ಮೇಲೆ ಮ್ಯಾಚ್ ಬಂದಾಗ ನಮ್ಮ ಯಜಮಾನರು ಮಗ್ಗಕ್ಕೆ ರಜೆ ಹಾಕಿ ನೋಡಲು ಬಂದಿದ್ದರು. ಆ ಮ್ಯಾಚ್ ನಾವು ಗೆದ್ದೆವು ಅಂತ ಹೇಳೋಕೆ ಎಷ್ಟು ಆಸೆ ನನಗೆ. ಇಲ್ಲ, ಎರಡು–ಒಂದರಲ್ಲಿ ಸೋತೆವು. ಅವರ ಎರಡೂ ಗೋಲ್ ಎತ್ತರದ ಚೆಂಡಿನಿಂದಲೇ, ನಮ್ಮ ಗೋಲ್‌ಕೀಪರ್ ಮುಂದೆ ಬಂದು ಹಿಡಿಯಲೇ ಇಲ್ಲ. ಕಾರ್ಯದರ್ಶಿ ಹತ್ತಿರ ಬಂದು, "ನಮ್ಮ ಬಾಗ್ಲು ನಿಮಗೆ ಯಾವಾಗ್ಲೂ ತೆಗ್ದಿರುತ್ತೆ ಮೇಡಂ" ಅಂದರು. "ಮುಂದಿನ್ ಬಾಗ್ಲಾ, ಹಿಂದಿನ್ ಬಾಗ್ಲಾ ಸಾರ್?" ಅಂತ ಕೇಳಿದೆ.

ಸೀಸನ್ ಮುಗಿದಾಗ ಹತ್ತು ತಂಡದಲ್ಲಿ ನಾವು ಆರನೆಯವರು. ಹಳೇ ಕ್ಲಬ್ ಮೂರನೆಯದು. ಮೂರನೆಯದಾದರೂ ಮೇಲಿನ ಡಿವಿಷನ್ನಿಗೆ ಏರಲಿಲ್ಲ ಅಂತ ಆ ಗಣಿ ಕಡೆಯವರನ್ನು ತೆಗೆದರು. ಮಾರನೇ ದಿನವೇ ಕಾರ್ಯದರ್ಶಿಯ ಫೋನ್. "ಒಂದೆರಡ್ ತಿಂಗ್ಳು ನೀವು ನೋಡ್ಕೊಂಡ್ರೆ..." ಮಾತು ಮುಗಿಸಲು ಬಿಡಲಿಲ್ಲ. "ನಂಗೆ ಕೆಲ್ಸ ಇದೆ ಸಾರ್" ಅಂದು ಇಟ್ಟೆ. ಈ ಸಾಲು ಬರೆಯುವಾಗಲೂ ಖುಷಿಯಾಗುತ್ತಿದೆ.

ಕಂಪನಿಯವರು ನನ್ನನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿದರು. ಗೋಲ್‌ಕೀಪರ್‌ಗಳಿಗೆ ಕಲಿಸಲು ಒಬ್ಬರು ಬೇಕು ಅಂತ ಹಟ ಹಿಡಿದೆ, ಅದಕ್ಕೂ ಒಪ್ಪಿದರು. ಆಯ್ಕೆ ನನ್ನದೇ. ಮೇಜಿನ ಆ ಕಡೆ ಕೂರುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು. ಬಂದದ್ದು ಎರಡು ಅರ್ಜಿ. ಒಂದು, ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ ಮಾಡುತ್ತಿದ್ದ ಒಬ್ಬಳದು. ಹಿಂದೆ ಹೆಂಗಸರ ಲೀಗಿನಲ್ಲಿ ಗೋಲ್ ಕಾಯುತ್ತಿದ್ದವಳು, ಕೋಚ್ ಆಗಿ ಅನುಭವವೇ ಇಲ್ಲ. ಇನ್ನೊಂದು, ನಾನು ಕೇಳಿದ್ದ ಜಾಗಕ್ಕೆ ಬಂದಿದ್ದ ಆ ಗಣಿ ಕಡೆಯವರದ್ದೇ. ಅವರೂ ಹಿಂದೆ ಗೋಲ್‌ಕೀಪರ್ ಆಗಿದ್ದವರು. ಅರ್ಜಿ ಹಾಕುವ ಮೊದಲು ಫೋನ್ ಮಾಡಿದ್ದರು.

"ಅಕ್ಕಾ, ನಾನು ಅರ್ಜಿ ಹಾಕ್ಬೋದಾ? ನಿಮ್ಮ ಕೆಲ್ಸ ಕಿತ್ಕೊಂಡೋನು ಅಂತ ಬೇಜಾರಿಲ್ಲ ತಾನೇ?"

"ನೀವು ಕಿತ್ಕೊಳ್ಲಿಲ್ಲಪ್ಪ, ಅವ್ರು ಕೊಟ್ರು. ಹಾಕಿ."

ಮೇಜು ಕುರ್ಚಿ ಬೇಡ ಅಂದೆ. ಇಬ್ಬರಿಗೂ ಒಂದೊಂದು ಸಂಜೆ, ಅರ್ಧ ಗಂಟೆ ನಮ್ಮ ಗೋಲ್‌ಕೀಪರ್‌ಗಳ ಜೊತೆ ಮೈದಾನದಲ್ಲೇ. ಗಣಿ ಕಡೆಯವರು ಚೆನ್ನಾಗಿ ಮಾಡಿದರು, ಒಂದು ಕ್ಷಣ ವ್ಯರ್ಥ ಮಾಡಲಿಲ್ಲ. ಗಾರ್ಮೆಂಟ್ಸಿನವಳ ಮೊದಲ ಹತ್ತು ನಿಮಿಷ ನೋಡಲಾಗಲಿಲ್ಲ, ದನಿಯೇ ಹೊರಡುತ್ತಿರಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಆಟ ನಿಲ್ಲಿಸಿ, ನಮ್ಮ ಗೋಲ್‌ಕೀಪರನ ಭುಜ ಹಿಡಿದು ಎರಡು ಹೆಜ್ಜೆ ಮುಂದೆ ನಿಲ್ಲಿಸಿದಳು. "ಇಲ್ಲಿಂದ ಹೊರಡು. ಹೆದರಿಕೆ ಆದ್ರೆ ಜೋರಾಗಿ ಕೂಗು. ನಾನೂ ಹಂಗೇ ಮಾಡ್ತಿದ್ದೆ." ಮುಂದಿನ ಆರು ಎತ್ತರದ ಚೆಂಡಿನಲ್ಲಿ ನಾಲ್ಕನ್ನು ಅವನು ಹಿಡಿದ. ಅಸ್ಸಾಮಿನ ಹುಡುಗನಿಗೆ ಅವಳ ಕನ್ನಡ ಎಷ್ಟು ಅರ್ಥವಾಯಿತೋ, ಕೂಗುವುದಂತೂ ಅರ್ಥವಾಗಿತ್ತು.

ಕೆಲಸ ಅವಳಿಗೆ ಕೊಟ್ಟೆ. ಗಣಿ ಕಡೆಯವರಿಗೆ ಅದೇ ದಿನ ಹೊಸಕೋಟೆಯಲ್ಲಿ ಎದುರಿಗೆ ಕೂತು, ಕಾಫಿ ಕುಡಿಯುತ್ತಾ, ಯಾಕೆ ಅಂತ ಹೇಳಿದೆ. "ನೀವು ಮುಖ್ಯ ಕೋಚ್ ಆಗೋರು. ಇಲ್ಲಿ ಬಂದ್ರೆ ಆರು ತಿಂಗ್ಳಲ್ಲಿ ನಿಮಗೆ ನನ್ನ ಮೇಲೆ ಬೇಜಾರಾಗುತ್ತೆ, ಆ ಜಾಗದಲ್ಲಿ ನಾನು ಐದು ವರ್ಷ ಕೂತಿದ್ದೆ. ಜೊತೆಗೆ, ನಮ್ಮ ಹುಡುಗನ ಹೆದರಿಕೆ ಅವ್ಳಿಗೆ ಕಾಣಿಸ್ತು, ನಿಮಗೆ ಕಾಣಿಸ್ಲಿಲ್ಲ."

ಅವರು ಲೋಟ ಕೆಳಗಿಟ್ಟರು. ಮುಖ ಕೆಂಪಾಗಿತ್ತು. "ನಂಗೆ ಇಷ್ಟು ನೇರವಾಗಿ ಯಾರೂ ಬೇಡ ಅಂದಿಲ್ಲ ಅಕ್ಕಾ" ಅಂದರು. ಮೆಚ್ಚಿ ಅಂದರೋ, ನೊಂದು ಅಂದರೋ ಗೊತ್ತಿಲ್ಲ. ಈಗ ನೆಲಮಂಗಲದ ಕಡೆ ಒಂದು ತಂಡಕ್ಕೆ ಮುಖ್ಯ ಕೋಚ್ ಆಗಿದ್ದಾರೆ.

ಈಚೆಗೆ ನಮ್ಮ ಹಿರಿಯ ಅಧಿಕಾರಿ ನಿವೃತ್ತರಾದರು. ಅವರ ಜಾಗಕ್ಕೆ ಬಂದವರು ಮೊನ್ನೆ ಕರೆಸಿ, "ಎರಡೂ ಕೋಚ್ ಹೆಂಗಸ್ರೇ ಆಯ್ತಲ್ಲ ಮೇಡಂ, ಹೊರಗಿನೋರು ಏನಂತಾರೋ" ಅಂದರು. ಹೋದ ತಿಂಗಳಷ್ಟೇ ಅವರು ಸೇರಿದ್ದು, ನಮ್ಮ ಒಂದು ಮ್ಯಾಚನ್ನೂ ನೋಡಿರಲಿಲ್ಲ.

"ಹೊರಗಿನೋರು ಕೇಳಿದ್ರೆ ನನ್ನ ಹತ್ರ ಕಳ್ಸಿ ಸಾರ್. ಮೂರೂವರೆಗೆ ಮೈದಾನದಲ್ಲಿರ್ತೀವಿ. ನೀವೂ ಬನ್ನಿ, ಬಿಸ್ಲು ಜಾಸ್ತಿ, ಟೋಪಿ ತನ್ನಿ" ಅಂದೆ.

ಆ ದಿನ ಬರಲಿಲ್ಲ. ಮಾರನೇ ದಿನ ಬಂದರು, ಟೋಪಿ ತಂದಿರಲಿಲ್ಲ. ಬೇಲಿ ಹತ್ತಿರ ಬಿಸಿಲಿಗೆ ಕೈ ಅಡ್ಡ ಹಿಡಿದು ನಿಂತಿದ್ದವರಿಗೆ ನಮ್ಮ ಗೋಲ್‌ಕೀಪರ್ ಕೋಚ್ ತನ್ನ ಟೋಪಿ ಕೊಟ್ಟು, ಏನೂ ಮಾತಾಡದೆ ಮತ್ತೆ ಗೋಲಿನ ಕಡೆ ಓಡಿದಳು.