ಡಯಲಿನ ಮೇಲಿನ ಕೆಂಪು ಚುಕ್ಕಿ

ಆ ಚುಕ್ಕಿಯನ್ನು ಇಟ್ಟವನು ನಾನು. ಖಾದರನಲ್ಲ, ಹುಸೇನಸಾಬರ ಮನೆಯ ಇನ್ಯಾರೂ ಅಲ್ಲ—ನಾನು, ಲಕ್ಷ್ಮೇಶ್ವರದ ಬಜಾರದಲ್ಲಿ ರೇಡಿಯೋ ರಿಪೇರಿ ಮಾಡುವ ಬಸವರಾಜ. ಇಷ್ಟು ಹೇಳುವುದಕ್ಕೆ ಹತ್ತು ವರ್ಷಕ್ಕಿಂತ ಹೆಚ್ಚು ತೆಗೆದುಕೊಂಡೆ. ಈಗಲೂ ಬರೆದ ಸಾಲನ್ನು ಮತ್ತೆ ಓದುತ್ತೇನೆ, ಎದ್ದು ಬಾಗಿಲವರೆಗೆ ಹೋಗುತ್ತೇನೆ, ತಿರುಗಿ ಬಂದು ಕೂರುತ್ತೇನೆ—ಕೂತಲ್ಲಿ ಕೂರಲು ಆಗುವುದಿಲ್ಲ.

ಚುಕ್ಕಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ರೇಡಿಯೋದ ಮುಳ್ಳನ್ನು ಎಳೆಯುವುದು ಒಳಗಿನ ಒಂದು ದಾರ. ದಾರ ಸಡಿಲಾದರೆ ಮುಳ್ಳು ಒಂದು ಕಡೆ, ಸ್ಟೇಷನ್ ಇನ್ನೊಂದು ಕಡೆ. ಅದಕ್ಕೇ ರಿಪೇರಿ ಮುಗಿದ ಪ್ರತಿ ಸೆಟ್ಟನ್ನೂ ಸಂಜೆ ಒಂದು ಜೋರಾದ ಸ್ಟೇಷನ್ನಿಗೆ ಹಚ್ಚಿ, ಮುಳ್ಳು ನಿಂತ ಜಾಗದಲ್ಲಿ ಗಾಜಿನ ಮೇಲೆ ಕೆಂಪು ಉಗುರುಬಣ್ಣದ ಸಣ್ಣ ಚುಕ್ಕಿ ಇಡುತ್ತಿದ್ದೆ. ಸೆಟ್ಟು ಮತ್ತೆ ಬಂದಾಗ ಮುಳ್ಳು ಎಷ್ಟು ಸರಿದಿದೆ ಎಂದು ಅದರಿಂದ ತಿಳಿಯುತ್ತಿತ್ತು. ಶಾರ್ಟ್‌ವೇವಿನಲ್ಲಿ ಸಂಜೆ ನನ್ನ ಅಂಗಡಿಗೆ ಎಲ್ಲಕ್ಕಿಂತ ಖಡಕ್ಕಾಗಿ ಬರುತ್ತಿದ್ದದ್ದು ಕರಾಚಿ. ನನಗೆ ಬೇಕಿದ್ದದ್ದು ದನಿಯ ಜೋರು. ಅದು ಯಾವ ಊರಿನದು ಎಂಬ ಯೋಚನೆಯೇ ಇರಲಿಲ್ಲ. ಶಿರಹಟ್ಟಿ, ಮಾಗಡಿ, ಹೊಂಬಳ—ನನ್ನ ಕೈಯಿಂದ ಹೋದ ಎಷ್ಟೋ ಸೆಟ್ಟುಗಳ ಮೇಲೆ ಆ ಚುಕ್ಕಿ ಇತ್ತು. ಗಿರಾಕಿಗಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹುಸೇನಸಾಬರು ಎದುರಿನ ಅಂಗಡಿಯವರು. ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದರು. ನನಗಿಂತ ಹಿರಿಯರು, ಕಾಕಾ ಎಂದು ಕರೆಯುತ್ತಿದ್ದೆ. ಹಳೆಯ ರೇಡಿಯೋ ಒಂದನ್ನು ರಿಪೇರಿ ಮಾಡಿ ಅವರಿಗೆ ಕೊಟ್ಟವನೂ ನಾನೇ. ಅವರ ಹೆಂಡತಿ ಮಾಬೂಬಿ, ನನಗಿಂತ ಚಿಕ್ಕವಳು, ಧಾರವಾಡ ಸ್ಟೇಷನ್ ಬಿಟ್ಟು ಬೇರೆ ಕಡೆ ಮುಳ್ಳು ತಿರುಗಿಸಿದವಳಲ್ಲ. ಶಾರ್ಟ್‌ವೇವಿನ ಪಟ್ಟಿಯ ಮೇಲಿನ ಸಾಸಿವೆಯಷ್ಟು ಚುಕ್ಕಿ ಆ ಮನೆಯಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಎಪ್ಪತ್ನಾಲ್ಕರ ಬೇಸಿಗೆ. ರಾಜಸ್ಥಾನದ ಮರಳಿನಡಿ ನಮ್ಮವರು ಅಣುಸ್ಫೋಟ ಮಾಡಿದ ಸುದ್ದಿ ನನ್ನ ಅಂಗಡಿಯ ರೇಡಿಯೋದಿಂದಲೇ ಬಜಾರಕ್ಕೆಲ್ಲ ಹಬ್ಬಿತು. ಶಾಂತಿಗಾಗಿ ಮಾಡಿದ ಪರೀಕ್ಷೆ ಎಂದಿತು ಸರಕಾರ. ಬಾಂಬ್ ಎಂದಿತು ಬಜಾರ. ನನಗೂ ಬಾಂಬೇ ಬೇಕಿತ್ತು. ಪೇಢೆ ತರಿಸಿ ಎಲ್ಲರ ಕೈಗೆ ಹಂಚಿದೆ. ಹುಸೇನಸಾಬರು ಪೇಢೆ ಬಾಯಿಗೆ ಹಾಕಿಕೊಂಡು, ಹತ್ತಿ ಹಿಂಜುವುದನ್ನು ನಿಲ್ಲಿಸದೆ ಹೇಳಿದರು:

"ಇಂಥಾದ್ದು ಮನ್ಯಾಗ ಇಟ್ಕೊಂಡ ಮ್ಯಾಲ ನಿದ್ದಿ ಹತ್ತೂದಿಲ್ಲೋ ಬಸೂ. ಯಾರನ್ನ ನೋಡಿದ್ರೂ ಕಳ್ಳರಂಗ ಕಾಣ್ತಾರ."

ನನಗೆ ಮೈ ಉರಿಯಿತು. ಊರೆಲ್ಲ ಖುಷಿಯಾಗಿರುವಾಗ ಈ ಮನುಷ್ಯನದು ಏನು ಅಪಸ್ವರ? ಇವರಿಗೇ ಯಾಕೆ ಹೀಗೆ ಅನ್ನಿಸಬೇಕು? 'ಇವರಿಗೇ' ಎಂದೆನಲ್ಲ—ಆ ಮಾತನ್ನು ಬಾಯಿಬಿಟ್ಟು ಆಡಲಿಲ್ಲ, ಮನಸ್ಸಿನೊಳಗೆ ಮಾತ್ರ ಆಡಿಕೊಂಡೆ. ಆಡಿಕೊಂಡದ್ದು ಅಲ್ಲೇ ಉಳಿಯಿತು. ಮುಂದೆ ಮಾಡಿದ್ದನ್ನೆಲ್ಲ ಅಂಜಿಕೆಯಿಂದ ಮಾಡಿದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅಂಜಿಕೆ ಇತ್ತು, ಖರೆ. ಆದರೆ ಆ ದಿನದ ಸಿಟ್ಟೂ ಇತ್ತು.

ಮರುವರ್ಷ ತುರ್ತು ಪರಿಸ್ಥಿತಿ ಬಂತು. ಬಜಾರದ ಮಾತು ತಗ್ಗಿತು. ಚಹಾ ಕುಡಿಯುವವರು ಹಿಂದೆ ಮುಂದೆ ನೋಡಿ ಬಾಯಿ ತೆರೆಯುವಂತಾಯಿತು. ಹುಸೇನಸಾಬರ ಬಾಯಿ ಮಾತ್ರ ಹಾಗೇ ಇತ್ತು. ಒಂದು ಮಧ್ಯಾಹ್ನ, ನನ್ನ ಅಂಗಡಿಯ ಮುಂದೆ ನಾಲ್ಕು ಮಂದಿ ನಿಂತಿದ್ದಾಗ, "ಅಷ್ಟು ದೊಡ್ಡ ಬಾಂಬ್ ಇಟ್ಕೊಂಡ ಸರಕಾರಕ್ಕ ನಮ್ಮ ಮಾತಿನ ಅಂಜಿಕಿ ಯಾಕ?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಒಬ್ಬೊಬ್ಬರಾಗಿ ಸರಿದುಹೋದರು.

ಆ ಮಾತನ್ನು ಪೊಲೀಸರಿಗೆ ಮುಟ್ಟಿಸಿದವರು ಯಾರೋ ಗೊತ್ತಿಲ್ಲ. ಅದು ನಾನಲ್ಲ. ನಾನು ಮಾಡಿದ್ದು ಅದಕ್ಕಿಂತ ಕೆಟ್ಟದ್ದು.

ಅದೇ ವಾರ ಅವರನ್ನು ಒಯ್ದರು, ಮನೆಯ ರೇಡಿಯೋವನ್ನೂ ಒಯ್ದರು. ಆ ಸೆಟ್ಟು ಹಚ್ಚಿ ತೋರಿಸಲು ಫೌಜದಾರರು ನನಗೆ ಹೇಳಿಕಳಿಸಿದರು. ಸಂಜೆ ಠಾಣೆಗೆ ಹೋದೆ. ಹುಸೇನಸಾಬರು ಗೋಡೆಗೆ ಬೆನ್ನು ಕೊಟ್ಟು ಕೆಳಗೆ ಕೂತಿದ್ದರು. ನನ್ನನ್ನು ಕಂಡು ಅವರ ಮುಖ ಅರಳಿತು—ನಮ್ಮವ ಬಂದ ಅಂತ. ಫೌಜದಾರರು ಮುಳ್ಳನ್ನು ಕೆಂಪು ಚುಕ್ಕಿಗೆ ತಂದು ನಿಲ್ಲಿಸಿ ಎಂದರು, ನಿಲ್ಲಿಸಿದೆ. ಕರಾಚಿಯ ಉರ್ದು ವಾರ್ತೆ ಕೋಣೆಯ ತುಂಬ ಕೇಳಿಸಿತು.

"ಈ ಗುರುತು ಯಾರು ಹಾಕಿದ್ದು?"

ಆ ಫೌಜದಾರರ ಮನೆಯ ರೇಡಿಯೋವನ್ನೂ ನಾನೇ ರಿಪೇರಿ ಮಾಡಿದ್ದೆ. ಅದರ ಗಾಜಿನ ಮೇಲೂ ಹೀಗೇ ಒಂದು ಚುಕ್ಕಿ ಇತ್ತು. ನಿಮ್ಮ ಮನೆಯ ಸೆಟ್ಟು ನೋಡ್ರಿ ಸಾಹೇಬ್ರ ಎಂದಿದ್ದರೆ ಸಾಕಿತ್ತು—ಇಷ್ಟೇ ಇಷ್ಟು. ಆದರೆ ನಾನು ಕಂಡದ್ದು ನನ್ನ ಅಂಗಡಿಗೆ ಬೀಳುವ ಬೀಗ, ನನ್ನ ಹೆಸರಿನ ಮುಂದೆ ಸೇರುವ ಕರಾಚಿ.

"ಮನಿಯವರ ಯಾರರ ಹಾಕಿರಬೇಕ್ರಿ ಸಾಹೇಬ್ರ" ಎಂದೆ. ಅಲ್ಲಿಗೇ ನಿಲ್ಲಿಸಲಿಲ್ಲ. "ಅವರ ಹೆಂಡ್ತಿ ತಮ್ಮ ಖಾದರ ಮುಂಡರಗಿಯಿಂದ ಬಂದಿದ್ದ. ಅವಗ ರೇಡಿಯೋದ ಹುಚ್ಚು ಭಾಳ."

ಖಾದರನ ಹೆಸರು ಯಾರೂ ಕೇಳಿರಲಿಲ್ಲ. ಅದನ್ನು ನಾನಾಗಿಯೇ ತೆಗೆದುಕೊಟ್ಟೆ. ಹುಸೇನಸಾಬರು ನನ್ನನ್ನು ನೋಡಿದರು—ಅನುಮಾನದಿಂದ ನೋಡಿದ್ದರೆ ಚೆನ್ನಾಗಿತ್ತು. ಅವರು ನನ್ನನ್ನು ನಂಬಿಬಿಟ್ಟರು.

ದೇಶದ ಭದ್ರತೆ ಎಂದರು. ಲಕ್ಷ್ಮೇಶ್ವರದಿಂದ ಕರಾಚಿಗೆ ಹೇಳಿಕಳಿಸುವ ರಹಸ್ಯ ಏನಿತ್ತೋ—ಶೇಂಗಾದ ಧಾರಣೆಯೇ? ಆದರೆ ಆಗ ಭದ್ರತೆ ಎಂಬ ಒಂದು ಶಬ್ದಕ್ಕೆ ಯಾರೂ ಎದುರಾಡುತ್ತಿರಲಿಲ್ಲ. ಖಾದರನನ್ನೂ ಕರೆತಂದು ಕೂರಿಸಿಕೊಂಡರು, ಕೆಲವು ದಿನಗಳ ಮೇಲೆ ಬಿಟ್ಟರು. ಹುಸೇನಸಾಬರು ಜೈಲಿನಿಂದ ಹೊರಗೆ ಬಂದದ್ದು ಚುನಾವಣೆಯ ಹೊತ್ತಿಗೆ. ಆ ಚುನಾವಣೆಯಲ್ಲಿ ಸರಕಾರ ಬಿತ್ತು. ಬಜಾರದಲ್ಲಿ ಮತ್ತೆ ಪೇಢೆ ಹಂಚಿದರು. ನಾನೂ ತಿಂದೆ.

ಹುಸೇನಸಾಬರು ಮನೆಗೆ ಬಂದು ಮಾಡಿದ ಮೊದಲ ಕೆಲಸ, ಖಾದರ ಈ ಹೊಸ್ತಿಲು ತುಳಿಯಕೂಡದು ಎಂದದ್ದು. ಅವನು ಅಲ್ಲಾಹನ ಆಣೆ ಹಾಕಿ ಅತ್ತನಂತೆ. ಕೇಳಲಿಲ್ಲ. ಹಬ್ಬಕ್ಕೆ ಹೋಗುವ ಬರುವ ದಾರಿ ಕಡಿದುಹೋಯಿತು. ಒಂದು ದಿನ ಮಾಬೂಬಿ ನನ್ನ ಅಂಗಡಿಗೆ ಬಂದು, "ನನ್ನ ತಮ್ಮ ಹಂತಾವ ಅಲ್ಲ ಅಣ್ಣಾ. ನೀನರ ಇವರಿಗೆ ತಿಳಿಸಿ ಹೇಳು, ನಿನ್ನ ಮಾತು ಕೇಳ್ತಾರ" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನೋಡೂಣು ತಂಗಿ, ಎಂದೆ. ಅಂದು ತುರ್ತು ಪರಿಸ್ಥಿತಿ ಇರಲಿಲ್ಲ, ಫೌಜದಾರರು ವರ್ಗವಾಗಿ ಹೋಗಿದ್ದರು, ನನ್ನ ಮೇಲೆ ಯಾರ ಕಣ್ಣೂ ಇರಲಿಲ್ಲ. ಆಗಲೂ ಹೇಳಲಿಲ್ಲ. ಆ ಮೊದಲಿನ ಸುಳ್ಳಿಗಾದರೂ ಅಂಜಿಕೆ ಎಂಬ ಹೆಸರಿತ್ತು. ಇದಕ್ಕೆ ಏನು ಹೆಸರಿಡಲಿ?

ಮೂರು ವರ್ಷದ ಕೆಳಗೆ ಮಾಬೂಬಿ ತೀರಿಕೊಂಡಳು. ಈಗ ನೆರೆಯ ದೇಶವೂ ಬಾಂಬ್ ಮಾಡುತ್ತಿದೆಯೆಂದು ಪೇಪರಿನವರು ಬರೆಯುತ್ತಿದ್ದಾರೆ. ಮೊನ್ನೆ ನನ್ನ ಅಂಗಡಿಯಲ್ಲಿ ಕೂತ ಗಿರಾಕಿಯೊಬ್ಬ, ಎದುರು ಅಂಗಡಿಯ ಮುದುಕನ ಕಡೆ ಗದ್ದ ತೋರಿಸಿ, "ಅಲ್ಲಿ ಕೇಳ್ರಿ, ಅವರಿಗೆ ಎಲ್ಲಾ ಖಬರ ಇರ್ತೈತಿ" ಎಂದು ನಕ್ಕ. ಕೈಯಲ್ಲಿದ್ದ ಸೆಟ್ಟನ್ನು ಕೆಳಗಿಟ್ಟೆ. ಅಂಗಡಿ ಮುಚ್ಚಿದೆ. ಮುಂಡರಗಿಯ ಬಸ್ಸು ಹತ್ತಿದೆ.

ಖಾದರ ಈಗ ಅಲ್ಲಿ ಸೈಕಲ್ ಅಂಗಡಿ ಇಟ್ಟಿದ್ದಾನೆ. ನಿಂತಲ್ಲೇ ಎಲ್ಲ ಹೇಳಿದೆ. ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡಿದ್ದೆ—ಹೊಡೆಯಲಿ ಎಂದೂ ಇತ್ತು. ಅವನು ಎಣ್ಣೆಗೈ ಒರೆಸಿಕೊಂಡ.

"ಅಕ್ಕನ್ನ ಮಣ್ಣಿಗೆ ಇಳಸೂ ಕೈ ನನ್ನದಾಗಬೇಕಿತ್ತು" ಎಂದ. "ಕಬರಸ್ತಾನದ ಬಾಗಿಲದಾಗ ನನ್ನನ್ನ ತಡದ್ರು. ನೀವೂ ಅಲ್ಲೇ ನಿಂತಿದ್ರಲ್ಲರೀ?"

ನಿಂತಿದ್ದೆ. ಅವನು ಗೇಟು ಹಿಡಿದುಕೊಂಡು ಅಳುತ್ತಿದ್ದುದನ್ನು ನೋಡುತ್ತ, ಎಲ್ಲರ ಜೊತೆ ಅಲ್ಲೇ ನಿಂತಿದ್ದೆ. ಹೌದು ಎಂದೆ. ಅವನು ತಿರುಗಿ ಕೆಲಸಕ್ಕೆ ಕೂತ.

ಹುಸೇನಸಾಬರಿಗೆ ಇನ್ನೂ ಹೇಳಿಲ್ಲ. ನಾಳೆ ಬಜಾರ ತುಂಬಿರುವಾಗ ರಸ್ತೆ ದಾಟಿ ಹೋಗಿ, ಗಿರಾಕಿಗಳ ಎದುರೇ ಹೇಳುತ್ತೇನೆ. ಅವರು ಕ್ಷಮಿಸಬಹುದು, ಉಗುಳಬಹುದು. ಮುಂಡರಗಿಗೆ ಹೋಗಿ ಖಾದರನನ್ನು ಕರೆತರಲೂಬಹುದು. ಕರೆತಂದರೂ ಅವನು ಹೋಗಿ ನಿಲ್ಲಬೇಕಾದದ್ದು ಆ ಕಬರಸ್ತಾನದಲ್ಲಿ. ಮಾಬೂಬಿಗೆ ತಿಳಿಸಿ ಹೇಳುವುದು ಮಾತ್ರ ನನ್ನಿಂದ ಇನ್ನು ಆಗುವುದಿಲ್ಲ.