ಅವ್ವನ ಮಗ್ಗದ ಕುಣಿಗೆ ಬಿದ್ದ ಕರ

ನಮ್ಮ ಮನೆಗೆ ಒಂದು ನೆಲಮಾಳಿಗೆ ಇದೆ ಎಂದು ನನಗೆ ಗೊತ್ತಾಗಿದ್ದು ಆಸ್ತಿ ಕರದ ನೋಟೀಸಿನಿಂದ. ನಾನು ಹುಟ್ಟಿ ಬೆಳೆದ ಮನೆ ಅದು. ಪಡಸಾಲೆ, ಅಡುಗೆಮನೆ, ಹಿತ್ತಲು, ಅಷ್ಟಕ್ಕೆ ಮುಗಿಯಿತು. ನೋಟೀಸಿನ ಪ್ರಕಾರ ಪಡಸಾಲೆ ವಾಣಿಜ್ಯ ಮಳಿಗೆ, ಅದರ ಕೆಳಗೆ ಗೋದಾಮು. ಕರ ಹಿಂದಿನ ವರ್ಷದ್ದರ ಎಷ್ಟೋ ಪಟ್ಟು ಏರಿತ್ತು. ಓದುತ್ತಿದ್ದಂತೆ ಮೈಯೆಲ್ಲ ಉರಿಯಿತು.

"ಬೇ, ನಮ್ಮನಿ ಕೆಳಗ ಗೋದಾಮು ಎಲ್ಲೈತಿ?" ಎಂದು ಕೇಳಿದೆ.

ಅವ್ವ ನೇಯುತ್ತಿದ್ದಳು. ಲಾಳಿ ನಿಲ್ಲಿಸಿ ತನ್ನ ಕಾಲು ನೋಡಿಕೊಂಡಳು. "ಮನಿ ಅಳ್ಯಾಕ ಬಂದಿದ್ದಂವ ಇದನ್ನ ಬರದಾನೇನ?" ಎಂದಳು.

ನಮ್ಮದು ಕುಣಿಮಗ್ಗ. ಪಡಸಾಲೆಯ ನೆಲದಲ್ಲೇ ಕುಣಿ ತೋಡಿರುತ್ತಾರೆ. ನೇಯುವವರು ಅದರ ಅಂಚಿಗೆ ಕೂತು, ಕಾಲು ಇಳಿಬಿಟ್ಟು, ಒಳಗಿನ ಪಟ್ಟಿ ತುಳಿಯುತ್ತಾರೆ. ಓಣಿಯ ತುಂಬ ಈಗ ಕರೆಂಟಿನ ಮಗ್ಗಗಳ ಸದ್ದು. ಕುಣಿ ಉಳಿದಿದ್ದು ನಮ್ಮಲ್ಲಿ ಮತ್ತು ಮಗ್ಗುಲಲ್ಲಿರುವ ನಮ್ಮ ಚಿಕ್ಕಮ್ಮ ಕಾಕುವಿನ ಮನೆಯಲ್ಲಿ, ಎರಡೇ ಕಡೆ.

ಅಮಾವಾಸ್ಯೆಗೆ ಅವ್ವ ಮಗ್ಗ ಮುಟ್ಟುವುದಿಲ್ಲ. ಕುಣಿಯಲ್ಲಿ ಬಿದ್ದ ನೂಲಿನ ಚೂರು ಬಳಿದು ತೆಗೆದು, ಸಾರಿಸಿ, ಅಂಚಿಗೆ ಅರಿಷಿಣ ಕುಂಕುಮ ಹಚ್ಚಿ, ಮೇಲೆ ಹಲಗೆ ಮುಚ್ಚುತ್ತಾಳೆ. ಮನೆ ಅಳೆಯುವವನು ಟೇಪು ಹಿಡಿದು ಬಂದದ್ದು ಅಂಥ ದಿನವೇ. ನಾನು ಜಮಖಂಡಿಯ ಸಾಲಿಯಲ್ಲಿ ಮಕ್ಕಳಿಗೆ ಕ್ಷೇತ್ರಫಲದ ಲೆಕ್ಕ ಕಲಿಸುತ್ತಿದ್ದೆ. ಹಲಗೆಯ ಕೆಳಗೆ ಏನಿದೆ ಎಂದು ಅವನು ಕೇಳಿದ್ದೇ ತಡ, ಅವ್ವ ಖುಷಿಯಿಂದ ತಾನೇ ಎತ್ತಿ ತೋರಿಸಿದ್ದಾಳೆ. ಅವಳಿಗೆ ಅದು ದೇವರ ಜಗಲಿ ತೋರಿಸಿದ ಹಾಗೆ. ಮೇಲಿಂದ ಒಂದು ಕಪ್ ಚಹಾ ಬೇರೆ ಕೊಟ್ಟಿದ್ದಾಳೆ. ಅವನು ಚಹಾ ಕುಡಿದು, ಮಗ್ಗ ಕಂಡು ಮಳಿಗೆ ಎಂದು ಬರೆದ, ಖಾಲಿ ಕುಣಿ ಕಂಡು ನೆಲಮಾಳಿಗೆ ಎಂದು ಬರೆದ. ಕೋಲು ಕೊಟ್ಟು ಹೊಡೆಸಿಕೊಂಡ ಹಾಗಾಯಿತು. ಮರುದಿನ ಬಂದಿದ್ದರೆ ಆ ಗೋದಾಮಿನಲ್ಲಿ ಅವ್ವನ ಎರಡು ಕಾಲು ಕಾಣುತ್ತಿದ್ದವು.

ಸಾಲಿಗೆ ರಜೆ ಹಾಕಿ ಅವ್ವನನ್ನು ಕರೆದುಕೊಂಡು ಕರದ ಕಚೇರಿಗೆ ಹೋದೆ. ಅಧಿಕಾರಿ ನನ್ನ ತಕರಾರು ಅರ್ಜಿಯನ್ನು ಪೂರ್ತಿ ಓದಲೂ ಇಲ್ಲ.

"ಅಕ್ಕಾರ, ಸರ್ವೇದಾಗ ಏನ ಬಂದೈತಿ ಅದ ನಮಗ ಖರೆ" ಎಂದ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜಾತಿ.

"ಸಾಹೇಬ್ರ, ನೆಲಮಾಳಿಗಿ ಅಂದಮ್ಯಾಲ ಇಳ್ಯಾಕ ಪಾವಟಿಗಿ ಇರಬೇಕಲ್ರಿ? ಇದರಾಗ ಕಾಲ ಅಷ್ಟ ಇಳೀತಾವು" ಎಂದೆ.

ಅವನಿಗೆ ನಗು ಬಂತು. ನನಗೆ ಬರಲಿಲ್ಲ. "ಹಂಗಾರ ಒಂದ ಕೆಲಸ ಮಾಡ್ರಿ. ಕುಣಿ ಮುಚ್ಚಿಸಿ, ಮ್ಯಾಲ ಫರ್ಸಿ ಕಲ್ಲ ಹಾಕಿಸಿ, ಒಂದ ಫೋಟೋ ತೊಗೊಂಡ ಬರ್ರಿ. ನಿಂತ ಕಾಲ ಮ್ಯಾಲ ಬರೇ ಮನಿ ಅಂತ ಮಾಡಿಕೊಡ್ತೇನಿ."

"ಮುಚ್ಚಿದ ಮ್ಯಾಲ ನಾ ಎಲ್ಲಿ ಕುಂದರ್ಲಿರಿ?" ಅವ್ವ ಕೇಳಿದಳು.

"ಭಾಳ ದುಡದೀರಿ ಅವ್ವಾರ. ಇನ್ನ ಆರಾಮ ಇರ್ರಿ."

ಆ ಆರಾಮ ಎಂಬ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಅಪ್ಪ ಸತ್ತ ಮೇಲೆ ಆ ಕುಣಿಯಲ್ಲಿ ಕಾಲು ಇಳಿಬಿಟ್ಟೇ ಅವ್ವ ನನ್ನನ್ನು ಓದಿಸಿದಳು. ಬೇಸರವಾದರೂ ಅಲ್ಲಿಗೇ ಹೋಗುತ್ತಾಳೆ, ಸಿಟ್ಟು ಬಂದರೂ ಅಲ್ಲಿಗೇ. ಅದನ್ನು ಮಣ್ಣು ಹಾಕಿ ಮುಚ್ಚಿ ಅವಳನ್ನು ಟೀವಿ ಮುಂದೆ ಕೂರಿಸಬೇಕಂತೆ. ಕರ ಕಟ್ಟುವುದಿಲ್ಲ ಎಂದು ನಾವು ಯಾವತ್ತೂ ಅಂದವರಲ್ಲ. ಇಲ್ಲದ ಗೋದಾಮಿಗೆ ಯಾಕೆ ಕಟ್ಟಬೇಕು, ಇರುವ ಕುಣಿಯನ್ನು ಯಾಕೆ ಮುಚ್ಚಬೇಕು?

ಕಾಕುವಿಗೂ ಅದೇ ನೋಟೀಸು, ಅದೇ ಬುದ್ಧಿವಾದ. "ನನ್ನ ಪರವಾಗಿ ಕಚೇರಿ ಅಡ್ಡಾಡಾಕ ಯಾರ ಅದಾರವ್ವಾ" ಎಂದು ಆಕೆ ಸುಮ್ಮನೆ ಮುಚ್ಚಿಸಿಬಿಟ್ಟಳು. ನಾನು ಅಡ್ಡಾಡುತ್ತೇನೆ ಎನ್ನುವಷ್ಟರಲ್ಲಿ ಫರ್ಸಿ ಕೂತಾಗಿತ್ತು. ಮಗ್ಗ ಬಿಚ್ಚಿ ಹಿತ್ತಲಿಗೆ ಹಾಕಿದ್ದರು. ಕರ ಇಳಿಯಿತು. ಆಕೆ ಕರೆಂಟ್ ಮಗ್ಗದ ಶೆಡ್ಡಿಗೆ ಕಂಡಿಕೆಗೆ ನೂಲು ಸುತ್ತುವ ಕೂಲಿಗೆ ಹೊರಟಳು.

ಆಮೇಲೆ ನನ್ನ ಹಟ ಇನ್ನೂ ಗಟ್ಟಿಯಾಯಿತು. ಬಂದು ಕಣ್ಣಾರೆ ನೋಡಿ ಎಂದು ಕಚೇರಿಗೆ ಅಲೆದು ಚಪ್ಪಲಿ ಸವೆಸಿದೆ. ನನ್ನ ಕಾಟ ತಾಳಲಾರದೆ ಅಧಿಕಾರಿ ಕೊನೆಗೊಂದು ದಿನ ಅದೇ ಟೇಪಿನವನನ್ನು ಕರೆದುಕೊಂಡು ಬಂದ. ಅಮಾವಾಸ್ಯೆ ಅಲ್ಲದ ದಿನವೇ ಬರಬೇಕೆಂದು ಹೇಳಿಬಂದಿದ್ದೆ.

ಯಾರೇ ಹೊಸ್ತಿಲು ತುಳಿದರೂ ಎದ್ದು ನೀರು ಕೊಡುವವಳು ನನ್ನವ್ವ. ಅವತ್ತು ಏಳಲಿಲ್ಲ. ಲಾಳಿ ಆಚೆಯಿಂದ ಈಚೆ ಬರುತ್ತಲೇ ಇತ್ತು.

"ಅವ್ವಾರ, ಚೂರ ಏಳ್ರಿ, ಅಳೀಬೇಕು" ಎಂದ ಟೇಪಿನವನು.

"ನಾ ಏಳಂಗಿಲ್ಲ. ಕಾಲ ಸಮೇತ ಅಳೀರಿ. ಬೇಕಾದ್ರ ಕಾಲಿಗೂ ಕರ ಹಚ್ಚ್ರಿ."

ಅವ್ವ ಹೊರಗಿನವರ ಮುಂದೆ ದನಿ ಏರಿಸಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಟೇಪಿನವನು ಬಗ್ಗಿ ನೋಡಿದ, ಅಧಿಕಾರಿಯ ಮುಖ ನೋಡಿದ. ಅಧಿಕಾರಿ ಬಾಗಿಲಲ್ಲಿ ನಿಂತೇ ಕುಣಿಯ ಕಡೆ ನೋಡಿ, "ಆ ನೆಲಮಾಳಿಗಿ ಬರದದ್ದ ತಗಿ" ಎಂದ. ಚಹಾ ಆ ದಿನ ಯಾರೂ ಕೇಳಲಿಲ್ಲ, ನಾವೂ ಕೊಡಲಿಲ್ಲ.

ಹೊಸ ನೋಟೀಸಿನಲ್ಲಿ ನೆಲಮಾಳಿಗೆ ಇಲ್ಲ. ಪಡಸಾಲೆ ಮಾತ್ರ ಇನ್ನೂ ಮಳಿಗೆಯೇ. ನಾವು ಮಳಿಗೆಯಲ್ಲಿ ಉಂಡು ಮಳಿಗೆಯಲ್ಲೇ ಮಲಗುತ್ತಿದ್ದೇವೆ. ಅದಕ್ಕೂ ಅರ್ಜಿ ಹಾಕಿದ್ದೇನೆ, ಬಿಡುವವಳಲ್ಲ.

ಆದರೆ ಗೆದ್ದೆ ಎಂದು ಹೇಳಿಕೊಳ್ಳಲು ನನಗೆ ಬಾಯಿ ಬರುವುದಿಲ್ಲ. ಮುಂದಿನ ಅಮಾವಾಸ್ಯೆಗೆ ಕಾಕು ಕುಂಕುಮದ ಬಟ್ಟಲು ಹಿಡಿದು ಬಂದಳು. ಅವಳ ಮನೆಯಲ್ಲಿ ಹಚ್ಚಲು ಅಂಚೇ ಇರಲಿಲ್ಲ. ನಮ್ಮ ಕುಣಿಯ ಅಂಚಿಗೆ ಹಚ್ಚಿ, ಅಲ್ಲೇ ನಿಂತಳು. ಅವ್ವ ಹಲಗೆ ಸರಿಸಿದಳು. ಕಾಕು ಕೂತು, ಎರಡೂ ಕಾಲು ಕೆಳಗೆ ಇಳಿಬಿಟ್ಟಳು. ತುಳಿಯಲಿಲ್ಲ, ಅಮಾವಾಸ್ಯೆ. ಅವ್ವನ ಕಡೆ ನೋಡದೆ ಹೇಳಿದಳು:

"ನಮ್ಮ ಮನ್ಯಾಗ ಕಾಲ ಎಲ್ಲಿಡಬೇಕಂತ ತಿಳೀವಲ್ದವ್ವಾ."